ನನ್ನ ಟೇಪಿನಲ್ಲೇ ನನ್ನ ಸೊಂಟ ಅಳೆದ ದಿನ

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಮಾಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. 22 ವರ್ಷದಿಂದ ಬ್ಲೌಸ್, ಚೂಡಿದಾರ್, ಶಾಲೆ ಯೂನಿಫಾರ್ಮ್ ಹೊಲಿಯುತ್ತಾ ಬಂದಿದ್ದೇನೆ. ಎದುರಿಗೆ ಬಂದು ನಿಂತವರ ಅಳತೆ ಟೇಪು ಹಿಡಿಯುವ ಮೊದಲೇ ಕಣ್ಣಿಗೆ ಸಿಕ್ಕಿಬಿಡುತ್ತದೆ. ಆದರೆ ನನ್ನ ಸೊಂಟಕ್ಕೆ ನಾನು ಟೇಪು ಸುತ್ತಿ ಎಷ್ಟೋ ವರ್ಷವಾಗಿತ್ತು. ಬ್ಲೌಸ್ ಬಿಗಿಯಾದರೆ ಒಳಗಿನ ಒಂದು ಹೊಲಿಗೆ ಬಿಚ್ಚುತ್ತಿದ್ದೆ, ಅಷ್ಟೇ. ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿ, ಒಳಗೆ ಬಟ್ಟೆ ಬಿಟ್ಟಿರುತ್ತೇವೆ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. 2024ರ ಹೊತ್ತಿಗೆ ನನ್ನ ಬ್ಲೌಸ್‌ಗಳಲ್ಲಿ ಬಿಚ್ಚಲು ಹೊಲಿಗೆಯೇ ಉಳಿದಿರಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ವಾರ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದರು. 30 ವರ್ಷ ದಾಟಿದವರ ಬಗ್ಗೆ ಒಂದು ಫಾರಂ ತುಂಬಬೇಕಿತ್ತು. ವಯಸ್ಸು, ತಂಬಾಕು, ಕುಡಿತ, ಎಷ್ಟು ನಡೆಯುತ್ತೀರಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಿಪಿ ಇದೆಯಾ, ಹೀಗೆ ಒಂದೊಂದೇ ಕೇಳಿದರು. ಕೊನೆಗೆ ಸೊಂಟದ ಅಳತೆ. ಅವರ ಟೇಪು ಮರೆತು ಬಂದಿದ್ದರು. ನನ್ನ ಕೊರಳಲ್ಲಿ ಇದ್ದದ್ದನ್ನೇ ತೆಗೆದುಕೊಂಡು ನನಗೇ ಸುತ್ತಿದರು. 40 ಇಂಚು. ಸೆಂಟಿಮೀಟರ್ ಲೆಕ್ಕದಲ್ಲಿ 101 ದಾಟಿತ್ತು. "ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇರಬೇಕು ಅಕ್ಕ" ಅಂದರು. ಗಂಡಸರಿಗೆ 90 ಅಂತೆ. ಫಾರಂನಲ್ಲಿ ಪ್ರತಿ ಉತ್ತರಕ್ಕೂ ಅಂಕ ಇದೆ. ಒಟ್ಟು 4 ದಾಟಿದರೆ ಬೇಗ ತಪಾಸಣೆ ಆಗಬೇಕು. ನನ್ನದು ದಾಟಿತ್ತು. "ನಾಳೆನೇ ನಮ್ಮ ಕ್ಲಿನಿಕ್‌ಗೆ ಬನ್ನಿ, ರಕ್ತ ತೆಗೀತಾರೆ" ಅಂತ ಹೇಳಿ ಹೋದರು.

ಹೋಗಲೇಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಒಂದು ವರ್ಷದಿಂದ ಸುಸ್ತು. ಬೆಳಿಗ್ಗೆ ಎದ್ದಾಗಲೇ ರಾತ್ರಿ ಇಡೀ ಕೆಲಸ ಮಾಡಿದ ಹಾಗೆ. ಮಧ್ಯಾಹ್ನ ಊಟ ಆದ ಮೇಲೆ ಮಷೀನ್ ಮುಂದೆ ಕೂತರೆ ಕಣ್ಣು ಎಳೆಯುತ್ತಿತ್ತು. ಮುಟ್ಟು ಏರುಪೇರಾಗುವ ವಯಸ್ಸು, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಸಕ್ಕರೆಯ ಮೂರು ತಿಂಗಳ ಸರಾಸರಿ 6.2 ಬಂತು. ಇನ್ನೂ ಕಾಯಿಲೆ ಅಲ್ಲ, ಅದರ ಹೊಸ್ತಿಲು. ಕ್ಲಿನಿಕ್ಕಿನ ಡಾಕ್ಟರು ಹುಡುಗಿ, ನನ್ನ ಅಕ್ಕನ ಮಗಳ ವಯಸ್ಸು. ನನ್ನನ್ನು ಒಮ್ಮೆ ನೋಡಿ, "ಆಂಟಿ, ಲಿವರ್ ಟೆಸ್ಟೂ ಒಂದು ಮಾಡಿಸಿಬಿಡಿ" ಅಂದಳು. ನನಗೆ ವಿಚಿತ್ರ ಅನ್ನಿಸಿತು. ಲಿವರ್ ಯಾಕೆ? ನಮ್ಮ ಮನೆಯಲ್ಲಿ ಲಿವರ್ ಅಂದರೆ ನೆನಪಾಗುವುದು ನನ್ನ ಮೈದುನ. ಕುಡಿದು ಕುಡಿದು, ಹೊಟ್ಟೆಯಲ್ಲಿ ನೀರು ತುಂಬಿ, 41ಕ್ಕೆ ಹೋದ. ನಾನು ಹಬ್ಬದ ದಿನ ಕೂಡ ಒಂದು ಹನಿ ಮುಟ್ಟಿದವಳಲ್ಲ.

ರಿಪೋರ್ಟ್ ಬಂತು. ಎಸ್‌ಜಿಪಿಟಿ 86, ಎಸ್‌ಜಿಒಟಿ 58. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೆಚ್ಚು ಅಂತ ಗುರುತು. ಈ ಎರಡೂ ಲಿವರಿನ ಜೀವಕೋಶದ ಒಳಗೆ ಇರಬೇಕಾದ ವಸ್ತುಗಳು. ಜೀವಕೋಶಕ್ಕೆ ಪೆಟ್ಟಾದಾಗ ಸೋರಿ ರಕ್ತಕ್ಕೆ ಬರುತ್ತವೆ.

ಅವತ್ತು ರಾತ್ರಿ ಏನೋ ನೆನಪಾಗಿ ಬೀರು ತೆಗೆದೆ. 2022ರ ಆಗಸ್ಟ್‌ನಲ್ಲಿ ಬಲಪಕ್ಕೆ ಹತ್ತಿರ ಭಾರ ಅನ್ನಿಸಿ ಒಂದು ಕಡೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ದೆ. ಪಿತ್ತಕೋಶದಲ್ಲಿ ಕಲ್ಲಿದೆಯಾ ನೋಡೋಣ ಅಂತ. "ಕಲ್ಲೇನಿಲ್ಲ, ಗ್ಯಾಸು, ಆರಾಮಾಗಿ ಹೋಗಿ" ಅಂದಿದ್ದರು. ನಾನು ಆರಾಮಾಗಿಯೇ ಬಂದು ರಿಪೋರ್ಟನ್ನು ರೇಷ್ಮೆ ಸೀರೆಯ ಕವರಿನಲ್ಲಿ ಇಟ್ಟಿದ್ದೆ. ಈಗ ಬಿಚ್ಚಿ ನೋಡಿದರೆ ಕೊನೆಯ ಸಾಲಿನಲ್ಲಿ ಬರೆದಿತ್ತು: ಗ್ರೇಡ್ 1 ಫ್ಯಾಟಿ ಲಿವರ್. ಲಿವರಿನಲ್ಲಿ ಕೊಬ್ಬು ಸೇರಿದೆ ಅಂತ ಮಗಳು ಓದಿ ಹೇಳಿದಳು. ಒಂದೂವರೆ ವರ್ಷ ಅದು ನನ್ನ ಬೀರುವಿನಲ್ಲೇ ಇತ್ತು. ಯಾರೂ ಆ ಸಾಲನ್ನು ನನಗೆ ಓದಿ ಹೇಳಲಿಲ್ಲ. ಅವತ್ತೇ ಹೇಳಿದ್ದರೆ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ನಿಮ್ಮ ಮನೆಯಲ್ಲೂ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ. ದಯವಿಟ್ಟು ತೆಗೆದು ಕೊನೆಯ ಎರಡು ಸಾಲು ಓದಿ.

ಫೆಬ್ರವರಿಯಲ್ಲಿ ಹೊಟ್ಟೆ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಹೋದೆವು. ಮನೆಯವರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. 14 ವರ್ಷದ ಮಗ ಜೊತೆಗೆ ಬಂದ. ಡಾಕ್ಟರ್ ಹೆಂಗಸು, ಐವತ್ತು ದಾಟಿದವರು. ಮೊದಲು ಕುಡಿತದ ಬಗ್ಗೆ ಕೇಳಿದರು. ನನಗೆ ಗಂಟಲು ಕಟ್ಟಿತು. "ಇಲ್ಲ ಮೇಡಂ, ದೇವರಾಣೆ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಆಣೆ ಯಾಕಮ್ಮಾ, ನಾನು ನಂಬ್ತೀನಿ. ಇಲ್ಲಿ ಬರೋ ಎಷ್ಟೋ ಹೆಂಗಸರು ಕುಡಿಯೋರಲ್ಲ. ಈ ಕಾಯಿಲೆಗೆ ಇಷ್ಟು ದಿನ ಹೆಸರೇ ಕುಡಿತವಲ್ಲದ ಫ್ಯಾಟಿ ಲಿವರ್ ಅಂತ ಇತ್ತು. 2023ರಲ್ಲಿ ಆ ಹೆಸರು ತೆಗೆದರು" ಅಂದರು. ಈಗಿನ ಹೆಸರಿನಲ್ಲಿ ಕುಡಿತದ ಮಾತೇ ಇಲ್ಲ. ದೇಹ ಸಕ್ಕರೆ, ಕೊಬ್ಬನ್ನು ಬಳಸುವ ಕ್ರಮ ಕೆಟ್ಟಿದ್ದರಿಂದ ಬಂದ ಲಿವರ್ ಕಾಯಿಲೆ ಅನ್ನುವ ಅರ್ಥ ಬರುತ್ತದೆ. ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಎಂಎಎಸ್‌ಎಲ್‌ಡಿ. ಹೆಸರು ಬದಲಾದರೆ ಏನಾಯಿತು ಅನ್ನಬಹುದು. ಊರಿನವರ ಬಾಯಿಗೆ ಹೆದರಿ ರಿಪೋರ್ಟ್ ಮುಚ್ಚಿಡುವ ನನ್ನಂಥವರಿಗೆ ಅದು ಸಣ್ಣ ಮಾತಲ್ಲ. ನಾದಿನಿ ಫೋನಿನಲ್ಲೇ, "ಕುಡಿಯೋರಿಗೆ ಬರೋ ಕಾಯಿಲೆ ನಿಂಗ್ಯಾಕೆ ಬಂತು?" ಅಂತ ಕೇಳಿದ್ದಳು. ಅವಳಿಗೆ ಕೊಡಲು ಈಗ ನನ್ನ ಹತ್ತಿರ ಉತ್ತರ ಇತ್ತು.

ನಾನು ಟೈಲರ್ ಅಂತ ಗೊತ್ತಾದ ಮೇಲೆ ಅವರು ವಿಷಯವನ್ನು ಹೀಗೆ ಬಿಡಿಸಿದರು. "ನಿಮ್ಮ ಅಂಗಡೀಲಿ ಬಟ್ಟೆ ಇಡೋ ಬೀರು ತುಂಬಿದ ಮೇಲೆ ಹೊಸ ಬಟ್ಟೆ ಎಲ್ಲಿಡ್ತೀರಿ?" ಕುರ್ಚಿ ಮೇಲೆ, ಆಮೇಲೆ ಕಟಿಂಗ್ ಟೇಬಲ್ ಮೇಲೆ ಅಂದೆ. "ಟೇಬಲ್ ತುಂಬಿದ್ರೆ ಕೆಲಸ ಮಾಡೋಕಾಗುತ್ತಾ? ನಿಮ್ಮ ಲಿವರ್ ಈಗ ಆ ಟೇಬಲ್ ಆಗಿದೆ." ಚರ್ಮದ ಕೆಳಗಿನ ಜಾಗ ಬೀರು ಇದ್ದ ಹಾಗೆ, ಕೊಬ್ಬು ಇರಬೇಕಾದದ್ದು ಅಲ್ಲಿ. ಅದು ತುಂಬಿದ ಮೇಲೆ ಹೊಟ್ಟೆಯ ಒಳಗೆ ಕರುಳಿನ ಸುತ್ತ ಸೇರುತ್ತದೆ. ಅಲ್ಲಿಂದ ಲಿವರಿಗೆ ದಾರಿ ತೀರಾ ಹತ್ತಿರ. ಕರುಳಿನ ಕಡೆಯ ರಕ್ತ ಎಲ್ಲ ಒಂದೇ ರಕ್ತನಾಳದಲ್ಲಿ ಮೊದಲು ಲಿವರಿಗೇ ಹೋಗುತ್ತದೆ, ಆಮೇಲೆ ಉಳಿದ ಕಡೆಗೆ. ಅದಕ್ಕೇ ತೊಡೆಯ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ಜಾಸ್ತಿ ಅಪಾಯ.

ಇನ್ನೊಂದು ಮಾತು ನನಗೆ ಹೊಸದಾಗಿತ್ತು. ಇನ್ಸುಲಿನ್ ಬರೀ ಸಕ್ಕರೆಯ ಕೆಲಸ ಮಾಡುವುದಿಲ್ಲವಂತೆ. ಊಟ ಮಾಡಿದ ಮೇಲೆ, ಕೂಡಿಟ್ಟ ಕೊಬ್ಬು ರಕ್ತಕ್ಕೆ ಇಳಿಯದ ಹಾಗೆ ಬಾಗಿಲು ಹಾಕುವುದೂ ಅದೇ. ತೂಕ ಜಾಸ್ತಿಯಾದಾಗ ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ. ಕೊಬ್ಬು ಹಗಲೂ ರಾತ್ರಿ ಲಿವರಿನ ಕಡೆ ಹರಿಯುತ್ತದೆ. ಅದರ ಮೇಲೆ ನಾವು ತಿಂದ ಸಕ್ಕರೆಯಿಂದ ಲಿವರ್ ತಾನೇ ಇನ್ನಷ್ಟು ಕೊಬ್ಬು ತಯಾರಿಸುತ್ತದೆ. ಲಿವರಿನಲ್ಲಿ ಕೊಬ್ಬು ನೂರಕ್ಕೆ 5 ದಾಟಿದರೆ ಅದು ಫ್ಯಾಟಿ ಲಿವರ್. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಇದು ಇನ್ನೂ ಬೇಗ ಏರುತ್ತದೆ, ಅಲ್ಲಿಯವರೆಗೆ ಇದ್ದ ಹಾರ್ಮೋನಿನ ಕಾವಲು ಹೋಗುತ್ತದೆ ಅಂದರು.

ನನ್ನ ಎತ್ತರ 154 ಸೆಂಟಿಮೀಟರ್, ತೂಕ 78 ಕಿಲೋ. ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ, ಬಿಎಂಐ, ಸುಮಾರು 33. ನಮ್ಮ ಭಾರತೀಯರಿಗೆ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಹೊರ ದೇಶದ ಚಾರ್ಟುಗಳಲ್ಲಿ ಇದು 25 ಮತ್ತು 30 ಇರುತ್ತದೆ. ನಮ್ಮ ಜನರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬರುತ್ತದೆ, ಕಾಯಿಲೆಯೂ ಬರುತ್ತದೆ.

ಮಾತಾಡುತ್ತಾ ಮಾತಾಡುತ್ತಾ ಡಾಕ್ಟರ್ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಅವರು ನನ್ನ ಮಗನನ್ನು ನೋಡುತ್ತಿದ್ದರು. ಅವನು ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾ ಕೂತಿದ್ದ. "ಇವನ ಕತ್ತು ಯಾವಾಗಿಂದ ಹಿಂಗಿದೆ?" ಅಂದರು.

ಅವನ ಕತ್ತಿನ ಹಿಂದೆ ಕಪ್ಪಾಗಿತ್ತು. ಬಣ್ಣ ಅಷ್ಟೇ ಅಲ್ಲ, ಚರ್ಮವೇ ದಪ್ಪಗಾಗಿ ಮಖಮಲ್ ಬಟ್ಟೆಯ ಹಾಗೆ ಗೆರೆಗೆರೆಯಾಗಿತ್ತು. ಎರಡು ವರ್ಷದಿಂದ ನೋಡುತ್ತಲೇ ಇದ್ದೆ. ಕೊಳೆ ಅಂದುಕೊಂಡಿದ್ದೆ. ಭಾನುವಾರ ಭಾನುವಾರ ಬಚ್ಚಲಲ್ಲಿ ಕೂರಿಸಿ ಕಡ್ಲೆಹಿಟ್ಟು, ನಿಂಬೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿದ್ದೇನೆ. "ಮೈ ತೊಳ್ಕೊಳ್ಳೋಕೂ ಬರಲ್ವಾ ನಿನಗೆ" ಅಂತ ಬೈದಿದ್ದೇನೆ. ಒಂದು ಸಲ ಚರ್ಮ ಕೆಂಪಾಗಿ ಅವನು ಅತ್ತಿದ್ದ. ಡಾಕ್ಟರ್ ಎದ್ದು ಬಂದು ನನ್ನ ಸೆರಗು ಸರಿಸಿ ನನ್ನ ಕತ್ತು ನೋಡಿದರು. ಅದೇ ಕಪ್ಪು, ಜೊತೆಗೆ ಸಣ್ಣ ಸಣ್ಣ ಚರ್ಮದ ಗುಳ್ಳೆಗಳು. "ಇದು ಕೊಳೆ ಅಲ್ಲಮ್ಮಾ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಆದಾಗ ಚರ್ಮ ಹಿಂಗಾಗುತ್ತೆ. ಉಜ್ಜಿದ್ರೆ ಹೋಗಲ್ಲ. ಒಳಗಿಂದ ಸರಿ ಆದ್ರೆ ತಾನಾಗೇ ತಿಳಿಯಾಗುತ್ತೆ. ಇವನ ಲಿವರೂ ನೋಡಬೇಕು" ಅಂದರು.

ಮಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಅವತ್ತು ಮನೆಗೆ ಬರುವ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ಅವನ ಹತ್ತಿರ ತಪ್ಪಾಯಿತು ಅಂತ ಕೇಳಿದೆ.

ಅವನಿಗೆ 71 ಕಿಲೋ ತೂಕ, ಎಸ್‌ಜಿಪಿಟಿ 64, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1. ನನ್ನದು ಗ್ರೇಡ್ 2ಕ್ಕೆ ಏರಿತ್ತು. ಸ್ಕ್ಯಾನಿಂಗ್ ಮಾಡುವಾಗ ಪರದೆ ತಿರುಗಿಸಿ ತೋರಿಸಿದರು. ಸಾಮಾನ್ಯವಾಗಿ ಲಿವರ್ ಮತ್ತು ಅದರ ಪಕ್ಕದ ಬಲ ಮೂತ್ರಪಿಂಡ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಬಣ್ಣ ಕಾಣಬೇಕು. ನನ್ನ ಲಿವರ್ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಆ ಬಿಳುಪೇ ಕೊಬ್ಬು. ಹೆಪಟೈಟಿಸ್ ಬಿ, ಸಿ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಮಾಡಿಸಿದರು. ಲಿವರಿಗೆ ಪೆಟ್ಟು ಕೊಡುವ ಬೇರೆ ಕಾರಣ ಇಲ್ಲ ಅಂತ ಗಟ್ಟಿ ಮಾಡಿಕೊಳ್ಳಬೇಕಲ್ವಾ.

ಆದರೆ ಡಾಕ್ಟರಿಗೆ ಚಿಂತೆ ಇದ್ದದ್ದು ಕೊಬ್ಬಿಗಿಂತ ಕಲೆಯದು. ಕೊಬ್ಬು ಸೇರಿದ ಜಾಗದಲ್ಲಿ ಕೆಲವರಿಗೆ ಉರಿಯೂತ ಶುರುವಾಗುತ್ತದೆ. ಉರಿಯೂತ ಆದ ಜಾಗವನ್ನು ಲಿವರ್ ರಿಪೇರಿ ಮಾಡುತ್ತದೆ. ಮಾಡುತ್ತಾ ಮಾಡುತ್ತಾ ಅಲ್ಲಿ ಗಡುಸಾದ ನಾರು ಬೆಳೆಯುತ್ತದೆ, ಅದೇ ಕಲೆ. ನನಗೆ ಥಟ್ಟನೆ ಅರ್ಥವಾಯಿತು. ಹರಿದ ಬಟ್ಟೆಗೆ ರಫೂ ಮಾಡಿದ ಹಾಗೆ. ಒಂದು ಕಡೆ ಮಾಡಿದರೆ ಗೊತ್ತಾಗುವುದಿಲ್ಲ. ಇಡೀ ಬಟ್ಟೆ ರಫೂ ಆದರೆ ಅದು ಬಟ್ಟೆಯಾಗಿ ಉಳಿಯುವುದಿಲ್ಲ. ಈ ಕಲೆಗೆ ಸೊನ್ನೆಯಿಂದ 4ರವರೆಗೆ ಹಂತಗಳಿವೆ. 4 ಅಂದರೆ ಸಿರೋಸಿಸ್, ಇಡೀ ಲಿವರ್ ರಫೂ ಆದ ಸ್ಥಿತಿ. ಮೈದುನ ಹೆಂಡ ಕುಡಿದು ತಲುಪಿದ ಜಾಗ. ಹೊಟ್ಟೆಯ ಕೊಬ್ಬಿನ ದಾರಿಯಲ್ಲಿ ಹೋದರೂ ಕೊನೆಗೆ ತಲುಪುವುದು ಅಲ್ಲಿಗೇ. ಎಲ್ಲರೂ ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗಲು ಬಹಳ ವರ್ಷ ಬೇಕು. ಆದರೆ ಯಾರು ಹೋಗುತ್ತಿದ್ದಾರೆ ಅಂತ ನೋವಿನಿಂದ ಗೊತ್ತಾಗುವುದಿಲ್ಲ. ಲಿವರಿನ ಒಳಗೆ ನೋವು ಹೇಳುವ ನರಗಳಿಲ್ಲ, ಇರುವುದು ಮೇಲಿನ ಪೊರೆಯಲ್ಲಿ ಮಾತ್ರ.

ನನ್ನ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಈ ನಾಲ್ಕನ್ನೂ ಮೊಬೈಲಿಗೆ ಹಾಕಿ ಒಂದು ಲೆಕ್ಕ ಮಾಡಿದರು. ಫಿಬ್-4 ಅಂತ ಅದರ ಹೆಸರು. 46 ವರ್ಷ, ಪ್ಲೇಟ್‌ಲೆಟ್ 2.1 ಲಕ್ಷ, ಉತ್ತರ 1.37 ಬಂತು. 1.3ರ ಒಳಗೆ ಇದ್ದರೆ ಕಲೆಯ ಭಯ ಕಡಿಮೆ. 2.67 ದಾಟಿದರೆ ಜಾಸ್ತಿ. ನಾನು ಎರಡರ ನಡುವೆ ಸಿಕ್ಕಿಕೊಂಡೆ. ನಡುವೆ ಇದ್ದವರಿಗೆ ಇನ್ನೊಂದು ಪರೀಕ್ಷೆ ಬೇಕು, ಫೈಬ್ರೋಸ್ಕ್ಯಾನ್. ಈ ಫಿಬ್-4 ಲೆಕ್ಕಕ್ಕೆ ಬೇಕಾದ್ದೆಲ್ಲ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಇರುತ್ತದೆ. ಬೇರೆ ಖರ್ಚಿಲ್ಲ. ಬೊಜ್ಜು, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ ಮಾಡಿಸಿಕೊಳ್ಳಬಹುದು.

ತಮ್ಮ ಬೆಂಗಳೂರಿನಲ್ಲಿ ಇದ್ದಾನೆ. ಮಾರ್ಚ್‌ನಲ್ಲಿ ಅವನ ಮನೆಗೆ ಹೋಗಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಮಾಡಿಸಿದೆ. ಮೂರು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಸಣ್ಣ ಕೋಣೆ. ಮಂಚದ ಮೇಲೆ ಅಂಗಾತ ಮಲಗಿಸಿ ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸಿದರು, ಪಕ್ಕೆಲುಬುಗಳ ನಡುವೆ ಜಾಗ ಬಿಡಲಿ ಅಂತ. ತಣ್ಣನೆಯ ಜೆಲ್ ಹಚ್ಚಿದರು. ದಪ್ಪ ಮಾರ್ಕರ್ ಪೆನ್ನಿನಂಥ ಒಂದು ಸಾಧನ ಪಕ್ಕೆಗೆ ಒತ್ತಿ ಹಿಡಿದರು. ಅಳತೆ ಬರಲಿಲ್ಲ. ಟೆಕ್ನಿಷಿಯನ್ ಹುಡುಗ ಅದನ್ನು ಇಟ್ಟು ಇನ್ನೊಂದು ತೆಗೆದುಕೊಂಡ. "ಇದು ಎಕ್ಸ್‌ಎಲ್ ಮೇಡಂ, ಚರ್ಮದ ಕೆಳಗೆ ಕೊಬ್ಬು ದಪ್ಪ ಇದ್ರೆ ಇದೇ ಬೇಕು" ಅಂದ. ನಾನು ದಿನಾ ಗಿರಾಕಿಗಳಿಗೆ ಎಕ್ಸ್‌ಎಲ್ ಅಂತ ಹೇಳುವವಳು. ನಾವು ಬರೀ ಬಟ್ಟೆಯ ಸೈಜು ಅಂದುಕೊಂಡ ಆ ಅಕ್ಷರ ಅಲ್ಲಿ ಕೇಳಿದಾಗ ಎದೆ ಝಲ್ ಅಂದಿತು.

ಟಕ್ ಅಂತ ಒಂದು ತಟ್ಟಿತು. ಯಾರೋ ಬೆರಳಿನಿಂದ ಚಿಮ್ಮಿದ ಹಾಗೆ. ನೋವಿಲ್ಲ. ಮತ್ತೆ ಟಕ್. ಹತ್ತು ಸರಿಯಾದ ಅಳತೆ ಸಿಗುವವರೆಗೆ ತಟ್ಟುತ್ತಾರೆ. ಆ ತಟ್ಟುವಿಕೆಯ ಅಲೆ ಲಿವರಿನ ಒಳಗೆ ಎಷ್ಟು ವೇಗವಾಗಿ ಓಡುತ್ತದೆ ಅಂತ ಮಷೀನ್ ನೋಡುತ್ತದೆ. ಮೆತ್ತಗಿದ್ದರೆ ಅಲೆ ನಿಧಾನ. ಗಡುಸಾಗಿದ್ದರೆ ಬೇಗ. ಕಾಲರ್ ಹೊಲಿಯುವಾಗ ಒಳಗೆ ಬಕ್ರಂ ಅನ್ನುವ ಗಡುಸು ಬಟ್ಟೆ ಹಾಕುತ್ತೇವಲ್ಲ, ಹೊರಗಿನಿಂದ ಬಟ್ಟೆ ಒಂದೇ ತರ ಕಾಣುತ್ತದೆ. ಬೆರಳಿನಲ್ಲಿ ಬಗ್ಗಿಸಿದರೆ ಒಳಗೆ ಬಕ್ರಂ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಮಷೀನ್ ಮಾಡುವುದೂ ಅದನ್ನೇ ಅಂತ ನಾನು ತಿಳಿದುಕೊಂಡೆ. ಹತ್ತು ನಿಮಿಷದಲ್ಲಿ ಮುಗಿಯಿತು. ಗಡುಸುತನ 7.6. ಸಾಮಾನ್ಯವಾಗಿ 8ರ ಒಳಗಿದ್ದರೆ ಮುಂದುವರಿದ ಕಲೆ ಇಲ್ಲ ಅಂತ ಭಾವಿಸುತ್ತಾರೆ. ಕೊಬ್ಬಿನ ಅಳತೆ ಬೇರೆ, 312. ಅದು ತುಂಬಾ ಜಾಸ್ತಿ. ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಎರಡು ಅಂಕಿ ಹೇಳಿ ಅಲ್ಲೇ ಕೂತು ಅತ್ತೆ. ಇನ್ನೂ ಬಕ್ರಂ ಸೇರಿಲ್ಲ ಅನ್ನುವ ಸಮಾಧಾನಕ್ಕೆ.

ದಾವಣಗೆರೆಗೆ ಬಂದ ಮೇಲೆ ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಲೆಕ್ಕ ಕೊಟ್ಟರು. "ನಿಮ್ಮ ತೂಕದ ನೂರಕ್ಕೆ 5 ಇಳಿದರೆ ಲಿವರಿನ ಕೊಬ್ಬು ಕರಗೋಕೆ ಶುರುವಾಗುತ್ತೆ. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತೆ. 10 ದಾಟಿದ್ರೆ ಕಲೆ ಕೂಡ ಕಡಿಮೆ ಆಗಬಹುದು." 78 ಕಿಲೋಗೆ 5 ಅಂದರೆ ನಾಲ್ಕು ಕಿಲೋ. 10 ಅಂದರೆ ಹೆಚ್ಚುಕಡಿಮೆ ಎಂಟು ಕಿಲೋ. ನಾನು 50 ಕಿಲೋ ಆಗಬೇಕೇನೋ ಅಂತ ಹೆದರಿದ್ದೆ. ಎಂಟು ಕಿಲೋ ಅಂದಾಗ ಕೈಗೆ ಎಟುಕುವ ಹಾಗೆ ಕಂಡಿತು. ಒಂದೇ ಷರತ್ತು, ಅವಸರ ಮಾಡಬಾರದು. ವಾರಕ್ಕೆ ಅರ್ಧ ಕಿಲೋ ಸಾಕು. ಉಪವಾಸ ಬಿದ್ದು ಸರ್ರನೆ ಇಳಿಸಿದರೆ ಲಿವರಿಗೇ ಪೆಟ್ಟು, ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಏಪ್ರಿಲ್‌ನಲ್ಲಿ ಸಂಬಂಧಿಕರೊಬ್ಬರು ಲಿವರ್ ಶುದ್ಧ ಮಾಡುವ ಪುಡಿ ಅಂತ ಒಂದು ಪೊಟ್ಟಣ ತಂದುಕೊಟ್ಟರು. ಪ್ರೀತಿಯಿಂದಲೇ ತಂದಿದ್ದರು. ಮೇಲೆ ಏನು ಹಾಕಿದ್ದಾರೆ ಅಂತ ಬರೆದಿರಲಿಲ್ಲ. ಗಿಡಮೂಲಿಕೆ ಅಲ್ವಾ, ಏನಾಗುತ್ತೆ ಅಂತ ಐದು ವಾರ ಬೆಳಿಗ್ಗೆ ಬಿಸಿನೀರಿನಲ್ಲಿ ಕುಡಿದೆ. ಮೇ ಕೊನೆಯಲ್ಲಿ ಪರೀಕ್ಷೆ ಮಾಡಿದಾಗ ಎಸ್‌ಜಿಪಿಟಿ 168. ಹೆಚ್ಚುಕಡಿಮೆ ಎರಡು ಪಟ್ಟು ಆಗಿತ್ತು. ಡಾಕ್ಟರ್ ಮೊದಲ ಬಾರಿ ಗದರಿದರು. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ಊದಿಕೊಂಡ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲೇ ವರದಿ ಮಾಡಿದ್ದರಂತೆ. "ಹಿತ್ತಲ ಗಿಡ ಆದ್ರೂ ಲಿವರಿನ ಮೂಲಕವೇ ಹೋಗಬೇಕು. ಮೊದಲೇ ಸುಸ್ತಾದ ಲಿವರ್ ಅದು" ಅಂದರು. ಪುಡಿ ಅವತ್ತೇ ನಿಲ್ಲಿಸಿದೆ. ಆರು ವಾರದಲ್ಲಿ 74ಕ್ಕೆ ಇಳಿಯಿತು. ಆ ಆರು ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ಊಟದ ವಿಷಯಕ್ಕೆ ಬಂದರೆ, ನಾನು ಜಾಸ್ತಿ ತಿನ್ನುವವಳಲ್ಲ ಅಂತ ನಂಬಿದ್ದೆ. ಡಾಕ್ಟರ್ ಮೂರು ದಿನ ಬಾಯಿಗೆ ಹೋದದ್ದೆಲ್ಲ ಬರೆಯಲು ಹೇಳಿದರು. ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಊಟ ಅಂಥ ಭಾರಿ ಏನಿರಲಿಲ್ಲ. ಭಾರಿ ಇದ್ದದ್ದು ಟೀ. ಗಿರಾಕಿ ಬಂದಾಗೆಲ್ಲ ಟೀ. ಅವರಿಗೆ ಒಂದು ಲೋಟ, ನನಗೊಂದು ಲೋಟ. ದಿನಕ್ಕೆ ಎಂಟು. ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದರೂ ದಿನಕ್ಕೆ 80 ಗ್ರಾಂ. ತಿಂಗಳಿಗೆ ಎರಡು ಕಿಲೋ 400 ಗ್ರಾಂ. ಮನೆಯವರನ್ನು ಕರೆದು ಎರಡೂವರೆ ಕಿಲೋ ಸಕ್ಕರೆ ತೂಗಿ ಒಂದು ಪಾತ್ರೆಗೆ ಸುರಿಯಲು ಹೇಳಿದೆ. ಆ ರಾಶಿಯನ್ನು ಸುಮ್ನೆ ನೋಡುತ್ತಾ ನಿಂತೆವು. ನಾನೊಬ್ಬಳೇ ತಿಂಗಳಿಗೆ ತಿನ್ನುತ್ತಿದ್ದದ್ದು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಅರಗಿಸುವ ಕೆಲಸ ಹೆಚ್ಚಾಗಿ ಲಿವರಿನದೇ, ಮಿಕ್ಕಿದ್ದು ಅಲ್ಲೇ ಕೊಬ್ಬಾಗುತ್ತದೆ.

ಈಗ ಟೀ ಎರಡು, ಸಕ್ಕರೆ ಇಲ್ಲ. ಮೊದಲ ಹತ್ತು ದಿನ ಕಹಿ, ತಲೆನೋವು. ಆಮೇಲೆ ನಾಲಿಗೆಗೆ ಹಾಲಿನ ಸಿಹಿಯೇ ಗೊತ್ತಾಗತೊಡಗಿತು. ಸಕ್ಕರೆ ಇಲ್ಲದ ಕಾಫಿ ಕುಡಿಯಬಹುದು, ಲಿವರಿಗೆ ಒಳ್ಳೆಯದೇ ಅಂದಿದ್ದಾರೆ. ಹಾಗಾಗಿ ಬೆಳಿಗ್ಗೆ ಫಿಲ್ಟರ್ ಕಾಫಿ ಶುರುವಾಗಿದೆ. ರಾತ್ರಿ ಅನ್ನದ ಬದಲು ಒಂದು ಜೋಳದ ರೊಟ್ಟಿ, ಪಲ್ಯ, ಮೊಳಕೆ ಕಾಳು. ತಟ್ಟೆಯಲ್ಲಿ ಅರ್ಧ ತರಕಾರಿ. ಮನೆಗೆ ತಿಂಗಳಿಗೆ ಐದು ಲೀಟರ್ ಬರುತ್ತಿದ್ದ ಎಣ್ಣೆ ಎರಡೂವರೆಗೆ ಬಂದಿದೆ. ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಈ ಊರಿನಲ್ಲಿ ಇದ್ದುಕೊಂಡು ಪೂರ್ತಿ ಬಿಡಲಾಗುವುದಿಲ್ಲ, ಬಿಟ್ಟೂ ಇಲ್ಲ. ಸಂಜೆ ದಿನಾ ಬರುತ್ತಿದ್ದ ಮಿರ್ಚಿ ಪೊಟ್ಟಣ ಈಗ ತಿಂಗಳಿಗೊಮ್ಮೆ. ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ಹುರಿದ ಶೇಂಗಾ ಹಾಕಿ ಮನೆಯಲ್ಲೇ ಕಲಸುತ್ತೇನೆ.

ನಡಿಗೆ ಕುಂದವಾಡ ಕೆರೆಯ ಏರಿ ಮೇಲೆ. ಮೊದಲ ದಿನ ಹದಿನೈದು ನಿಮಿಷಕ್ಕೆ ಮಂಡಿ ಹಿಡಿದು ಕಲ್ಲು ಬೆಂಚಿನ ಮೇಲೆ ಕೂತೆ. ಮಗ ಮುಂದೆ ಹೋದವನು ವಾಪಸ್ ಬಂದು ಪಕ್ಕದಲ್ಲಿ ಕೂತ. ಮೂರು ತಿಂಗಳಲ್ಲಿ 40 ನಿಮಿಷಕ್ಕೆ ಬಂದೆವು, ವಾರಕ್ಕೆ ಐದು ದಿನ. ಇನ್ನೊಂದು ಬದಲಾವಣೆ ನನಗೆ ನಾನೇ ಹುಡುಕಿಕೊಂಡದ್ದು. ಎಂಟು ವರ್ಷದ ಹಿಂದೆ ಮಷೀನ್‌ಗೆ ಮೋಟರ್ ಹಾಕಿಸಿದ್ದೆ. ಅಲ್ಲಿಯವರೆಗೆ ದಿನವಿಡೀ ಕಾಲು ತುಳಿಯುತ್ತಿದ್ದ ನಾನು ಅಂದಿನಿಂದ ಬರೀ ಕೂತಿದ್ದೆ. ಹಳೆಯ ತುಳಿಯುವ ಮಷೀನ್ ಅಟ್ಟದಿಂದ ಇಳಿಸಿ ಎಣ್ಣೆ ಬಿಟ್ಟೆ. ಸೀರೆಯ ಫಾಲ್, ಅಂಚು ಮಡಿಸುವ ಕೆಲಸ ಈಗ ಅದರಲ್ಲೇ.

ತೂಕ ನೇರವಾಗಿ ಇಳಿಯಲಿಲ್ಲ. 78ರಿಂದ 74ಕ್ಕೆ ನಾಲ್ಕು ತಿಂಗಳಲ್ಲಿ ಬಂತು. ಆಮೇಲೆ ದಸರಾ, ದೀಪಾವಳಿ, ಮಗಳ ನಿಶ್ಚಿತಾರ್ಥ. ಮೂರು ತಿಂಗಳು ಒಂದು ಗ್ರಾಂ ಇಳಿಯಲಿಲ್ಲ, ಎರಡು ಕಿಲೋ ವಾಪಸ್ಸೂ ಬಂತು. ಕೈ ಚೆಲ್ಲಬೇಕು ಅನ್ನಿಸಿದಾಗ ರಕ್ತ ಪರೀಕ್ಷೆಯ ಚೀಟಿ ನೋಡುತ್ತಿದ್ದೆ. ತೂಕ ನಿಂತರೂ ಎಸ್‌ಜಿಪಿಟಿ ಇಳಿಯುತ್ತಲೇ ಇತ್ತು: 74, 58, 47. 2025ರ ಮೇ ತಿಂಗಳಲ್ಲಿ 69 ಕಿಲೋ ಮುಟ್ಟಿದೆ. ಸೊಂಟ 36 ಇಂಚು. 80 ಸೆಂಟಿಮೀಟರ್ ಅಂದರೆ ಮೂವತ್ತೊಂದೂವರೆ ಇಂಚು, ಇನ್ನೂ ದೂರ ಇದೆ. ಅದೇ ಆಸ್ಪತ್ರೆಯಲ್ಲಿ ಅದೇ ಮಂಚದ ಮೇಲೆ ಮತ್ತೆ ಕೈ ಎತ್ತಿ ಮಲಗಿದೆ. ಈ ಸಲ ಮೊದಲ ಸಾಧನದಲ್ಲೇ ಅಳತೆ ಸಿಕ್ಕಿತು, ಎಕ್ಸ್‌ಎಲ್ ಬೇಕಾಗಲಿಲ್ಲ. ಗಡುಸುತನ 5.4, ಕೊಬ್ಬು 246. ಸಕ್ಕರೆಯ ಮೂರು ತಿಂಗಳ ಸರಾಸರಿ 5.6. ಮಧ್ಯಾಹ್ನದ ಆ ಸುಸ್ತು ಯಾವಾಗ ಹೋಯಿತು ಅಂತ ಹೇಳಲಾರೆ, ಒಂದು ದಿನ ಅದು ಇಲ್ಲ ಅಂತ ಗಮನಕ್ಕೆ ಬಂತು.

ಗಿರಾಕಿಗಳು ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳುತ್ತಾರೆ. ನಾನು ತೆಗೆದುಕೊಂಡಿಲ್ಲ. ಡಾಕ್ಟರ್ ಹೇಳಿದ್ದು ಇಷ್ಟು: ಲಿವರಿನಲ್ಲಿ ಎರಡು, ಮೂರನೆಯ ಹಂತದ ಕಲೆ ಇರುವವರಿಗೆ ಅಂತ ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಂ ಮಾತ್ರೆಗೆ, 2025ರಲ್ಲಿ ಸೆಮಾಗ್ಲುಟೈಡ್ ಅನ್ನುವ ಈ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿದೆ. ಸಿರೋಸಿಸ್ ಆದವರಿಗೆ ಅಲ್ಲ. ಯಾರಿಗೆ ಬೇಕು ಅಂತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ಮಗ ಎರಡು ಇಂಚು ಎತ್ತರ ಬೆಳೆದಿದ್ದಾನೆ, ತೂಕ 68ರಲ್ಲಿ ನಿಂತಿದೆ. ಎಸ್‌ಜಿಪಿಟಿ 35. ಕತ್ತಿನ ಕಪ್ಪು ಅಂಚಿನಿಂದ ತಿಳಿಯಾಗುತ್ತಾ ಬಂದಿದೆ. ನಾನು ಉಜ್ಜುವುದು ಬಿಟ್ಟು ಒಂದೂವರೆ ವರ್ಷವಾಯಿತು.

ಮೊನ್ನೆ ಒಬ್ಬ ಹುಡುಗಿ ಮದುವೆ ಬ್ಲೌಸಿಗೆ ಅಳತೆ ಕೊಡಲು ಬಂದಳು. ಅಮ್ಮ ಜೊತೆಗಿದ್ದರು. ಹಿಂದಿನ ಕತ್ತಿನ ಆಳ ನೋಡಲು ಜಡೆ ಮುಂದಕ್ಕೆ ಸರಿಸಿದೆ. ಅದೇ ಕಪ್ಪು, ಅದೇ ಮಖಮಲ್ ಗೆರೆಗಳು. "ಹಿಂದೆ ಸ್ವಲ್ಪ ಮೇಲಕ್ಕೇ ಇಡ್ರಿ ಅಕ್ಕಾರೆ, ಎಷ್ಟು ಉಜ್ಜಿದ್ರೂ ಹೋಗವಲ್ದು" ಅಂದರು ಆ ತಾಯಿ. ಹುಡುಗಿ ತಲೆ ತಗ್ಗಿಸಿದಳು. ನಾನು ಟೇಪು ಕೊರಳಿಗೆ ಹಾಕಿಕೊಂಡು, ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಇಬ್ಬರನ್ನೂ ಒಳಗಿನ ಕೋಣೆಗೆ ಕರೆದು ಕೂರಿಸಿದೆ.